ಅದಿರು ಬಂದರಿನ ಬೇಟೆಗಾರರು

ಕಾರವಾರದಿಂದ ದಕ್ಷಿಣಕ್ಕೆ ಹೆದ್ದಾರಿ ಹಿಡಿದು, ಒಂದು ತಿರುವಿನಲ್ಲಿ ಕಡಲಿನ ಕಡೆ ಇಳಿದರೆ, ಹಿಂದೆ ಕಬ್ಬಿಣದ ಅದಿರು ಹಡಗಿಗೇರುತ್ತಿದ್ದ ಒಂದು ಸಣ್ಣ ಬಂದರು ಸಿಗುತ್ತದೆ. ಗಣಿಗಳು ಮುಚ್ಚಿದ ಮೇಲೆ ಬಂದರೂ ಮುಚ್ಚಿತು. ಉಳಿದದ್ದು ತಗಡಿನ ಎತ್ತರದ ಶೆಡ್ಡುಗಳು, ಲಾರಿ ತೂಗುವ ಕಾಟಾ, ಮತ್ತು ಎಷ್ಟು ಮಳೆಗಾಲ ತೊಳೆದರೂ ಹೋಗದ ಕೆಂಪು ಧೂಳು. ಮೆರಾವೆಯ ಜನರನ್ನು ಸರ್ಕಾರ ತಂದು ಇಳಿಸಿದ್ದು ಅಲ್ಲಿ.

ಮೆರಾವೆ ದೂರದ ಒಂದು ದ್ವೀಪದೇಶ. ನಡುವೆ ಒಂದು ದೊಡ್ಡ ದ್ವೀಪ, ಸುತ್ತ ಹತ್ತಾರು ಸಣ್ಣವು. ಯುದ್ಧ ನಡೆದದ್ದು ದೊಡ್ಡ ದ್ವೀಪಕ್ಕೂ ಸಣ್ಣ ದ್ವೀಪಗಳಿಗೂ. ಬಾಂಬು ಹಾಕಿ ಹಾಕಿ ದಣಿದ ದೊಡ್ಡ ದ್ವೀಪದ ಸೈನ್ಯ ಕದನವಿರಾಮ ಸಾರಿತು. ಆ ದಿನಗಳಲ್ಲಿ ಅದರ ಅಧಿಕಾರಿಯೊಬ್ಬ ಸಣ್ಣ ದ್ವೀಪಗಳಿಗೆ ಬಂದು, ಕುಡಿಯುವ ನೀರು ಶುದ್ಧ ಮಾಡುವ ಹೊಸ ಔಷಧಿ ತಂದಿದ್ದೇವೆ ಎಂದ. ಕ್ಯಾಮೆರಾದ ಮುಂದೆ ತಾನೇ ಒಂದು ಲೋಟ ಕುಡಿದು ತೋರಿಸಿದ. ಅವನು ಮೊದಲೇ ಲಸಿಕೆ ಹಾಕಿಸಿಕೊಂಡು ಬಂದಿದ್ದನೆಂದು ಆಮೇಲೆ ತಿಳಿಯಿತು. ತೊಟ್ಟಿಗಳಿಗೆ ಬಿದ್ದದ್ದು ಕಾಲರಾ.

ಹಾಗೆ ನೀರಿಗೇ ಹೆದರಿ ದೋಣಿ ಹತ್ತಿದ ಸಾವಿರಾರು ಜನ ಈಗ ಅದಿರಿನ ಬಯಲಿನಲ್ಲಿದ್ದರು. ಕಾಲರಾವೂ ಅವರ ಜೊತೆಯಲ್ಲೇ ದೋಣಿ ಹತ್ತಿ ಬಂದಿತ್ತು.

ಶಿಬಿರದ ಆರೋಗ್ಯದ ಹೊಣೆ ಹೊತ್ತವರು ಫ್ಲೋರಿನ್ ಬಾಯಿ. ಮಂಗಳೂರಿನ ಕಡೆಯವರು, ಹಲವು ದೇಶಗಳ ನಿರಾಶ್ರಿತರ ನಡುವೆ ನರ್ಸ್ ಆಗಿ ಕೂದಲು ಬೆಳ್ಳಗಾದವರು. ಬಂದ ದಿನವೇ ಅವರು ನೆಲಕ್ಕೆ ಹಾರೆ ಹಾಕಿಸಿ ನೋಡಿದರು. ಹಾರೆ ಠಣ್ಣೆಂದು ಹಾರಿತು. ವರ್ಷಗಟ್ಟಲೆ ಅದಿರಿನ ಭಾರ ಹೊತ್ತ ನೆಲ ಕಲ್ಲಾಗಿತ್ತು. ಪಾಯಖಾನೆಯ ಗುಂಡಿ ತೋಡುವ ಹಾಗಿರಲಿಲ್ಲ. ಫ್ಲೋರಿನ್ ಬಾಯಿ ಕಟ್ಟೆಯ ಮೇಲೆ ಪಾಯಖಾನೆ ಕಟ್ಟಿಸಿ ಕೆಳಗೆ ಪೀಪಾಯಿ ಇಡಿಸಿದರು. ಬಾಗಿಲು ಯಾವ ದಿಕ್ಕಿಗಿರಬೇಕು, ದೀಪ ಎಲ್ಲಿ ಬೇಕು, ಮುಟ್ಟಿನ ಬಟ್ಟೆ ಒಗೆದು ಒಣಗಿಸಲು ಮರೆ ಎಲ್ಲಿರಬೇಕು ಎಂದು ಹೆಂಗಸರನ್ನೇ ಕೂರಿಸಿಕೊಂಡು ಕೇಳಿದರು. ಸೋಪು, ಮುಚ್ಚಳದ ಬಕೆಟ್ಟು, ಓಆರ್‌ಎಸ್ ಪೊಟ್ಟಣ ಪ್ರತಿ ಕುಟುಂಬಕ್ಕೂ ತಲುಪಿತು. ಆದರೂ ತಗಡಿನ ಶೆಡ್ಡುಗಳ ಕಾವಿನಲ್ಲಿ, ಮೈಗೆ ಮೈ ತಾಗಿ ಮಲಗುವ ಇಕ್ಕಟ್ಟಿನಲ್ಲಿ, ರೋಗ ಫ್ಲೋರಿನ್ ಬಾಯಿಗಿಂತ ಒಂದು ಹೆಜ್ಜೆ ಮುಂದೆಯೇ ಇತ್ತು.

"ನಿಮ್ಮ ಆ ಯಂತ್ರ ತನ್ನಿ ಡಾಕ್ಟ್ರೇ," ಎಂದು ಅವರು ಫೋನು ಮಾಡಿದ್ದು ಮೋಹಿನಿ ತಾಂಡೇಲಳಿಗೆ. "ನಾನು ಬಾಗಿಲು ಕಾಯ್ತೇನೆ. ನೀವು ಒಳಗೆ ನುಗ್ಗಿದ್ದನ್ನು ಹಿಡೀರಿ."

ಮೋಹಿನಿ ಕಾರವಾರದ ಮೀನುಗಾರರ ಕೇರಿಯಲ್ಲೇ ಹುಟ್ಟಿ ಬೆಳೆದ ಸೂಕ್ಷ್ಮಜೀವಿ ವಿಜ್ಞಾನಿ. ಅವಳ ತಂಡ ಕಟ್ಟಿದ ಯಂತ್ರ ನೋಡಲು ದೊಡ್ಡದೊಂದು ಫ್ರಿಜ್ಜಿನ ಹಾಗಿತ್ತು. ಹೆಸರು 'ಬೇಟೆಗಾರ'. ಅದರ ಹಿಂದಿನ ವಿಚಾರ ಸರಳ. ಲೋಕದಲ್ಲಿ ಎಷ್ಟು ಬಗೆಯ ಬ್ಯಾಕ್ಟೀರಿಯಾಗಳಿವೆಯೋ, ಅವುಗಳನ್ನು ಹುಡುಕಿ ಕೊಲ್ಲುವ ವೈರಸ್ಸುಗಳೂ ಅಷ್ಟೇ ಇವೆ. ಅವಕ್ಕೆ ಮನುಷ್ಯನ ಗೊಡವೆಯಿಲ್ಲ. ತನಗೆ ಗೊತ್ತಿರುವ ಬ್ಯಾಕ್ಟೀರಿಯಾದ ಮೈಮೇಲೆ ಕೂತು, ಒಳಗೆ ತನ್ನ ಬೀಜ ಚುಚ್ಚಿ, ಒಂದು ನೂರಾಗಿ ಅದರ ಮೈ ಸೀಳಿಕೊಂಡು ಹೊರಗೆ ಬರುವುದು, ಮತ್ತೆ ಅಂಥದ್ದನ್ನೇ ಹುಡುಕುವುದು, ಇಷ್ಟೇ ಅದರ ಬಾಳು. ಕಷ್ಟ ಇರುವುದು ಈ ರೋಗಕ್ಕೆ ಈ ವೈರಸ್ಸು ಎಂದು ಜೋಡಿ ಹುಡುಕುವುದರಲ್ಲಿ. ಬೇಟೆಗಾರ ಯಂತ್ರದೊಳಗೆ ಚರಂಡಿ, ಅಳಿವೆ, ಬಂದರುಗಳಿಂದ ಹೆಕ್ಕಿ ತಂದ ಸಾವಿರಾರು ವೈರಸ್ಸುಗಳ ಭಂಡಾರವಿತ್ತು. ರೋಗಿಯ ಮಲದ ಒಂದು ತೊಟ್ಟು ಕೊಟ್ಟರೆ, ಯಂತ್ರ ಅದರಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ, ತನ್ನ ಭಂಡಾರದ ಒಂದೊಂದನ್ನೂ ಅದರ ಮೇಲೆ ಬಿಟ್ಟು, ಗೆದ್ದದ್ದನ್ನು ಆಯ್ದು ಪಳಗಿಸಿ, ಬಾಟಲಿಗಟ್ಟಲೆ ತಯಾರಿಸಿ ಕೊಡುತ್ತಿತ್ತು.

ಕ್ಲೋರಿನ್ ಇರುವಾಗ ಇದೇಕೆ ಎಂದು ಕೇಳುವವರಿದ್ದರು. ಕ್ಲೋರಿನ್ ಟ್ಯಾಂಕಿನ ನೀರನ್ನು ಶುದ್ಧ ಮಾಡುತ್ತದೆ, ಸ್ವಲ್ಪ ಹೊತ್ತಿಗೆ ಆರಿಹೋಗುತ್ತದೆ. ಆಮೇಲೆ ಕೊಡದೊಳಗೆ ಅದ್ದಿದ ಕೈಗೆ ಅದು ಏನೂ ಮಾಡದು. ಬೇಟೆಗಾರ ವೈರಸ್ಸು ಕೊಡದಲ್ಲೂ ಇರುತ್ತದೆ, ಕುಡಿದವರ ಕರುಳಿಗೂ ಇಳಿಯುತ್ತದೆ; ಶತ್ರು ಇರುವವರೆಗೆ ತಾನೂ ಇರುತ್ತದೆ, ಶತ್ರು ಮುಗಿದರೆ ತಾನೂ ಮುಗಿಯುತ್ತದೆ. ಕೊಡಕ್ಕೆ ಒಂದು ತೊಟ್ಟು ಸಾಕು.

ಕಾಟಾದ ಪಕ್ಕದ ಹಳೆಯ ಕಚೇರಿ ಮೋಹಿನಿಯ ಪ್ರಯೋಗಾಲಯವಾಯಿತು. ಯಂತ್ರ ತನ್ನ ಕೆಲಸ ಮಾಡಿತು. ಕೆಲಸ ಕೆಟ್ಟದ್ದು ನಲ್ಲಿಯ ಹತ್ತಿರ.

"ಇದೇನು ಹಾಕುತ್ತಿದ್ದೀರಿ?" ಎಂದು, ಮೋಹಿನಿ ಮೊದಲ ಕೊಡಕ್ಕೆ ತೊಟ್ಟು ಬಿಡುವಾಗ ಕೇಳಿದವಳು ನೇವಾ. ಮೂವತ್ತರ ಒಳಗಿನ ಹೆಂಗಸು. ಗಂಡ ಮೆರಾವೆಯಲ್ಲೇ ಆ ತೊಟ್ಟಿಯ ನೀರು ಕುಡಿದು ಸತ್ತಿದ್ದ. ಸೊಂಟದ ಮೇಲೆ ನಾಲ್ಕು ವರ್ಷದ ಮಗಳು ಲೂಮಿ. ಎಲ್ಲರ ಕೊರಳಿಗೂ ಅನುವಾದದ ಪುಟ್ಟ ಯಂತ್ರ ಕಟ್ಟಿದ್ದರಿಂದ ಮಾತು ಅರ್ಥವಾಗುತ್ತಿತ್ತು.

"ಕಾಲರಾವನ್ನು ಕೊಲ್ಲುವ ಜೀವಿ," ಎಂದಳು ಮೋಹಿನಿ.

ಜೀವಿ ಎಂಬ ಮಾತು ಅನುವಾದವಾಗಿ ಕಿವಿಗೆ ಬಿದ್ದದ್ದೇ ತಡ, ನೇವಾ ಕೊಡವನ್ನು ಬೋರಲು ಹಾಕಿದಳು. ಹಿಂದೆ ನಿಂತಿದ್ದವಳೂ ಹಾಕಿದಳು. ಸಾಲಿನುದ್ದಕ್ಕೂ ಒಂದೊಂದೇ ಕೊಡ ಬೋರಲಾಯಿತು. ಕೆಂಪು ನೆಲದ ಮೇಲೆ ನೀರು ಹರಿದು ಕೆಸರಾಯಿತು.

ಮರುದಿನದಿಂದ ಹೆಂಗಸರು ನಲ್ಲಿಯ ಕಡೆ ಸುಳಿಯಲಿಲ್ಲ. ಶಿಬಿರದ ಹಿಂದೆ ಒಂದು ತೊರೆ ಹರಿಯುತ್ತಿತ್ತು, ಅಲ್ಲಿಂದ ಹೊತ್ತು ತಂದರು. ನೇವಾ ತನ್ನ ಶೆಡ್ಡಿನ ಮೂಲೆಯಲ್ಲಿ, ಹಳೆಯ ಹಾಯಿಬಟ್ಟೆಯ ಮರೆಯಲ್ಲಿ, ಆ ನೀರನ್ನು ಸೀರೆಯಂಥ ತನ್ನ ಉದ್ದನೆಯ ಬಟ್ಟೆಯಲ್ಲಿ ಸೋಸಿ ಮಗಳಿಗೆ ಕುಡಿಸುತ್ತಿದ್ದಳು. ಬಟ್ಟೆಯಲ್ಲಿ ಕಸ ನಿಲ್ಲುತ್ತಿತ್ತು. ಕಾಲರಾ ಪೂರ್ತಿ ನಿಲ್ಲುತ್ತಿರಲಿಲ್ಲ. ಆ ವಾರ ಚಿಕಿತ್ಸೆಯ ಶೆಡ್ಡಿನ ಮಂಚಗಳು ತುಂಬಿದವು. ಗುಡ್ಡದ ಬುಡದಲ್ಲಿ ಹೊಸ ಗೋರಿಗಳೆದ್ದವು.

ಶಿಬಿರಾಧಿಕಾರಿ ಪಾವಸ್ಕರ್ ಪ್ರಯೋಗಾಲಯಕ್ಕೆ ಬಂದರು. ಕೆಟ್ಟ ಮನುಷ್ಯನಲ್ಲ, ನಿದ್ದೆಗೆಟ್ಟ ಮನುಷ್ಯ.

"ಮೇಡಂ, ತೊರೆಗೇ ಸುರಿದುಬಿಡಿ. ಟ್ಯಾಂಕಿಗೂ ಸುರಿಯಿರಿ. ಯಾರಿಗೆ ಗೊತ್ತಾಗ್ತದೆ? ನೀವೇ ಹೇಳ್ತೀರಲ್ಲ, ರುಚಿ ಇಲ್ಲ, ವಾಸನೆ ಇಲ್ಲ ಅಂತ. ಜನ ಬದುಕಿದ ಮೇಲೆ ಹೇಳಿದರಾಯ್ತು."

ಮೋಹಿನಿ ಬೆಳಿಗ್ಗೆ ತಾನೇ ಒಂದು ಮಗುವಿನ ಕಣ್ಣು ಮುಚ್ಚಿ ಬಂದಿದ್ದಳು. ಸುರಿದುಬಿಡಲೇ ಎಂಬ ಆಸೆ ಅವಳಿಗೂ ಬಾರದೆ ಇರಲಿಲ್ಲ.

ಉತ್ತರ ಕೊಟ್ಟವರು ಫ್ಲೋರಿನ್ ಬಾಯಿ. "ಎಂತ ಸಾರ್ ನೀವು ಹೇಳುದು? ಹೇಳದೆ ನೀರಿಗೆ ಹಾಕಿದವರಿಂದಲೇ ಅಲ್ವಾ ಇವರು ಓಡಿ ಬಂದದ್ದು? ನಾವೂ ಹೇಳದೆ ಹಾಕಿದ್ರೆ ಇವರು ಇನ್ನು ಎಲ್ಲಿಗೆ ಓಡುದು?"

ಪಾವಸ್ಕರ್ ಟೋಪಿ ತೆಗೆದು ಮೇಜಿನ ಮೇಲಿಟ್ಟು ಕೂತರು. "ಹಾಗಾದರೆ ಯಾರನ್ನು ಕೇಳಬೇಕು?"

"ಇಲಾಮೆ ಅಮ್ಮನನ್ನು," ಎಂದರು ಬಾಯಿ.

ಇಲಾಮೆ ಸಣ್ಣ ದ್ವೀಪಗಳ ನ್ಯಾಯಾಲಯದಲ್ಲಿ ನ್ಯಾಯಾಧೀಶೆಯಾಗಿದ್ದವರು. ಎಪ್ಪತ್ತು ದಾಟಿದ, ನೆಟ್ಟಗೆ ನಡೆಯುವ ಹೆಂಗಸು. ನ್ಯಾಯಾಲಯ ಸುಟ್ಟುಹೋಗಿತ್ತು, ಆದರೆ ಶಿಬಿರದಲ್ಲಿ ಕೊಡದ ಜಗಳವಿರಲಿ, ಜಾಗದ ಜಗಳವಿರಲಿ, ಜನ ಈಗಲೂ ಅವರ ಮುಂದೆಯೇ ಹೋಗಿ ನಿಲ್ಲುತ್ತಿದ್ದರು. ಮೋಹಿನಿ ಹೋಗಿ ಅವರಿಗೆ ಎಲ್ಲವನ್ನೂ ಹೇಳಿದಳು.

"ನಾನು ಹೇಳಿದರೆ ಅವರು ಕುಡಿಯುತ್ತಾರೆ," ಎಂದರು ಇಲಾಮೆ. "ಅದಕ್ಕೇ ನಾನು ಹೇಳುವುದಿಲ್ಲ. ದೊಡ್ಡವರು ಹೇಳಿದರೆಂದೇ ಹಿಂದೆಯೂ ಕುಡಿದರು. ನೀವು ಬಂದು ಎಲ್ಲರೆದುರು ಸಾಕ್ಷಿ ಹೇಳಿ. ನಾನು ಪ್ರಶ್ನೆ ಕೇಳುತ್ತೇನೆ. ಅವರು ತೀರ್ಮಾನಿಸಲಿ."

ಲಾರಿ ತೂಗುವ ಕಾಟಾದ ಮೇಲೆ ಎರಡು ಕುರ್ಚಿ ಹಾಕಿದರು. ಸುತ್ತ ಸಾವಿರಾರು ಜನ ನೆಲದ ಮೇಲೆ ಕೂತರು. ಧ್ವನಿವರ್ಧಕದಲ್ಲಿ ಮೋಹಿನಿಯ ಕನ್ನಡದ ಹಿಂದೆಯೇ ಮೆರಾವೆಯ ಮಾತು ಕೇಳಿಸುತ್ತಿತ್ತು.

"ನಿಮ್ಮ ಬೇಟೆಗಾರನಿಗೆ ಕಣ್ಣಿದೆಯೇ?" ಎಂದು ಕೇಳಿದರು ಇಲಾಮೆ.

"ಇಲ್ಲ."

"ಮತ್ತೆ ಶತ್ರು ಯಾರೆಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ?"

"ಕಾಲರಾದ ಮೈಮೇಲೆ ಒಂದು ಗುರುತಿದೆ. ಬೇಟೆಗಾರನ ಕಾಲು ಆ ಗುರುತಿಗೆ ಮಾತ್ರ ಅಂಟುತ್ತದೆ. ನಿಮ್ಮ ಮೈಯಲ್ಲಿ ಆ ಗುರುತು ಇಲ್ಲ."

"ನೀವು ಕುಡಿದಿದ್ದೀರಾ?" ಕೂತವರ ನಡುವಿನಿಂದ ನೇವಾ ಎದ್ದು ಕೇಳಿದಳು.

"ಕುಡಿದಿದ್ದೇನೆ."

"ಅದು ಸಾಕ್ಷಿಯಲ್ಲ," ಎಂದರು ಇಲಾಮೆ. "ಆ ಅಧಿಕಾರಿಯೂ ಕುಡಿದಿದ್ದ. ಮುಂದಿನ ಪ್ರಶ್ನೆ. ಇದು ಯಾವತ್ತಾದರೂ ತಪ್ಪುತ್ತದೆಯೇ?"

ಪಾವಸ್ಕರ್ ದೂರದಿಂದಲೇ ಬೇಡ ಎನ್ನುವಂತೆ ತಲೆಯಾಡಿಸಿದರು. ಮೋಹಿನಿ ಅದನ್ನು ನೋಡಿದಳು.

"ತಪ್ಪುತ್ತದೆ," ಎಂದಳು. "ಕಾಲರಾ ತನ್ನ ಗುರುತು ಬದಲಾಯಿಸಬಲ್ಲದು. ಆಗ ಈ ಬೇಟೆಗಾರ ಅದನ್ನು ಕಾಣದೆ ಹೋಗುತ್ತದೆ. ಹಾಗಾದರೆ ನಾನೇ ಬಂದು ಹೇಳುತ್ತೇನೆ. ಹೊಸದನ್ನು ಹುಡುಕುತ್ತೇನೆ. ಸಿಗುತ್ತದೆ ಅಂತ ಆಣೆ ಮಾಡಲಾರೆ."

ಜನರಲ್ಲಿ ಗುಜುಗುಜು ಎದ್ದಿತು. ಇಲಾಮೆ ಅದು ತಣಿಯುವವರೆಗೆ ಕಾದರು. "ತಪ್ಪುತ್ತದೆ ಎಂದು ಆ ಅಧಿಕಾರಿ ಹೇಳಿರಲಿಲ್ಲ," ಎಂದರು. "ಆದರೂ ಮಾತು ಮಾತೇ. ಕಣ್ಣಿಗೆ ಕಾಣುವ ಹಾಗೆ ತೋರಿಸಬಲ್ಲಿರಾ?"

ಬೇಟೆಗಾರ ಎಷ್ಟು ಸಣ್ಣದೆಂದರೆ ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣುವುದಿಲ್ಲ. ಆದರೆ ಅದು ಮಾಡಿದ ಕೆಲಸ ಬರಿಗಣ್ಣಿಗೆ ಕಾಣುತ್ತದೆ. ಪ್ರಯೋಗಾಲಯದಲ್ಲಿ ಅದು ದಿನನಿತ್ಯದ ವಿದ್ಯೆ. ಕಡಲಪಾಚಿಯ ಜೆಲ್ಲಿಯನ್ನು ತಟ್ಟೆಗೆ ಹೊಯ್ದು, ಮೇಲೆ ಬ್ಯಾಕ್ಟೀರಿಯಾ ಹರಡಿ ಬೆಚ್ಚಗಿಟ್ಟರೆ, ಕೆಲವೇ ಗಂಟೆಗಳಲ್ಲಿ ತಟ್ಟೆ ಹಾಲು ಚೆಲ್ಲಿದ ಹಾಗೆ ಮಬ್ಬಾಗುತ್ತದೆ. ಬೇಟೆಗಾರ ಬಿದ್ದ ಜಾಗ ಮಾತ್ರ ಗಾಜಿನಂತೆ ತಿಳಿಯಾಗಿ ಉಳಿಯುತ್ತದೆ.

"ತೋರಿಸಬಲ್ಲೆ. ಆದರೆ ನಾನು ತೋರಿಸುವುದಿಲ್ಲ. ನೀವೇ ಮಾಡಿ ನೋಡಿ," ಎಂದಳು ಮೋಹಿನಿ.

ಮುಂದಿನ ದಿನಗಳಲ್ಲಿ ಕಾಟಾದ ಕಚೇರಿ ಅಡುಗೆಮನೆಯಂತಾಯಿತು. ದೊಡ್ಡ ಪಾತ್ರೆಗಳಲ್ಲಿ ಜೆಲ್ಲಿ ಕುದಿಯಿತು. ಕಡಲಪಾಚಿಯ ಸಿಹಿ ಮಾಡಿ ತಿನ್ನುವ ದ್ವೀಪದ ಹೆಂಗಸರು ವಾಸನೆ ಹಿಡಿದು ಬಂದು, ಅದನ್ನು ಹೇಗೆ ಗಂಟಾಗದಂತೆ ತಿರುಗಿಸಬೇಕೆಂದು ಹೇಳಿ ಹೋದರು. ಮೋಹಿನಿ ವಿಷದ ಹಲ್ಲು ಕಿತ್ತ, ರೋಗ ತಾರದ ಕಾಲರಾವನ್ನು ಅದರ ಮೇಲೆ ಹರಡಿದಳು. ಕುಟುಂಬಕ್ಕೊಂದು ತಟ್ಟೆ. ಮನೆಯವರೇ ಒಂದು ಬದಿಗೆ ಬರೀ ನೀರಿನ ತೊಟ್ಟು, ಇನ್ನೊಂದು ಬದಿಗೆ ಬೇಟೆಗಾರನ ತೊಟ್ಟು ಬಿಟ್ಟು, ಮುಚ್ಚಳಕ್ಕೆ ಅಂಟು ಪಟ್ಟಿ ಸುತ್ತಿ ತಮ್ಮ ತಮ್ಮ ಮೂಲೆಗೆ ಒಯ್ದರು.

ನೇವಾ ಬೆಳಿಗ್ಗೆ ತಟ್ಟೆಯನ್ನು ಒಯ್ದು ಲೂಮಿಗೆ ಸಿಗದ ಹಾಗೆ ಕಬ್ಬಿಣದ ತೊಲೆಯ ಮೇಲಿಟ್ಟಳು. ತಗಡಿನ ಕೆಳಗೆ ಕಾವಿಗೇನೂ ಕೊರತೆಯಿರಲಿಲ್ಲ. ಸಂಜೆ ಇಳಿಸಿ ಬೆಳಕಿಗೆ ಹಿಡಿದಳು. ತಟ್ಟೆಯೆಲ್ಲ ಮಬ್ಬು, ನೀರು ಬಿದ್ದ ಜಾಗವೂ ಮಬ್ಬು. ಬೇಟೆಗಾರ ಬಿದ್ದ ಜಾಗದಲ್ಲಿ ಮಾತ್ರ ಒಂದು ದುಂಡನೆಯ ಕಿಟಕಿ ತೆರೆದಿತ್ತು. ಅದರ ಮೂಲಕ ಎದುರು ಶೆಡ್ಡಿನ ಹೆಂಗಸು ಕಾಣಿಸಿದಳು. ಅವಳೂ ತನ್ನ ತಟ್ಟೆಯನ್ನು ಆಕಾಶಕ್ಕೆ ಹಿಡಿದು ನಿಂತಿದ್ದಳು.

ಮರುದಿನ ನಲ್ಲಿಯ ಮುಂದೆ ಸಾಲು ನಿಂತಿತು. ತೊಟ್ಟನ್ನು ಹಾಕುವವರು ಬೇಕಾಗಲಿಲ್ಲ. ಅವರವರ ಕೊಡಕ್ಕೆ ಅವರವರೇ ಹಾಕಿಕೊಂಡರು.

ರೋಗ ಇಳಿಯತೊಡಗಿತು. ಮೋಹಿನಿ ಬಹಳ ದಿನಗಳ ಮೇಲೆ ಕಾರವಾರದ ಮನೆಗೆ ಹೋದಳು. ಅವಳ ತಾಯಿ ಸಾವಂತಿ ಮೀನು ಮಾರುಕಟ್ಟೆಯಿಂದ ಖಾಲಿಯಾಗದ ಬುಟ್ಟಿ ಹೊತ್ತು ಬಂದಿದ್ದಳು.

"ನಿನ್ನ ಅದಿರು ಬಂದರಿನ ಸುದ್ದಿಗೆ ನನ್ನ ಬಂಗಡೆ ಯಾರೂ ಮುಟ್ಟುದಿಲ್ಲ ಮಗಾ. ಆ ಕಡೆ ಹಿಡಿದ ಮೀನಂತೆ, ರೋಗ ಉಂಟಂತೆ. ನಾ ಹಿಡ್ಸಿದ್ದು ಉತ್ತರಕ್ಕೆ, ಮಾಜಾಳಿ ಕಡೆ. ಯಾರಿಗೆ ಹೇಳುದು?"

"ಆಯಿ, ರೋಗ ಇಳೀತಾ ಉಂಟು."

"ಅದು ನಿಂಗೆ ಗೊತ್ತು." ಬುಟ್ಟಿ ಇಳಿಸಿ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಕೇಳಿದಳು, "ಆ ಜನ ಬಂಗಡೆ ತಿಂತಾರಾ?"

"ದ್ವೀಪದವರು ಆಯಿ. ಮೀನು ಬಿಟ್ಟರೆ ಬೇರೆ ಎಂತ ತಿಂತಾರೆ?"

"ಹಾಗಾದ್ರೆ ನಾಳೆ ನಿನ್ನ ಜೀಪಲ್ಲಿ ನಾನೂ ಬರ್ತೆ. ಇಲ್ಲಿ ಕೂತು ನೊಣ ಹೊಡೆಯುದಕ್ಕಿಂತ ಅಲ್ಲಿ ಕೊಟ್ಟು ಬರುದು ಚಲೋ."

ಸಾವಂತಿ ಶಿಬಿರದಲ್ಲಿ ಬುಟ್ಟಿ ಇಳಿಸಿ ಕೂತದ್ದನ್ನು ಕಂಡ ಮೇಲೆ ಕೇರಿಯ ಇನ್ನೂ ನಾಲ್ವರು ಹೆಂಗಸರು ಬಂದರು. ಮಾರುಕಟ್ಟೆಯ ಗುಲ್ಲು ಮೆಲ್ಲಗೆ ತಣ್ಣಗಾಯಿತು.

ಮೋಹಿನಿ ಹೇಳಿದ ತಪ್ಪು ನಡೆದದ್ದು ಆಗ.

ಉತ್ತರದ ಶೆಡ್ಡುಗಳಲ್ಲಿ ಮತ್ತೆ ಭೇದಿ ಶುರುವಾಯಿತು. ತೊಟ್ಟು ಹಾಕಿದ ನೀರನ್ನೇ ಕುಡಿದವರಿಗೂ ಬಂತು. ಮೋಹಿನಿ ಅವರ ಮಲದಿಂದ ಬ್ಯಾಕ್ಟೀರಿಯಾ ಬೆಳೆಸಿ, ಮೇಲೆ ಬೇಟೆಗಾರನನ್ನು ಬಿಟ್ಟು ಕಾದಳು. ತಟ್ಟೆ ಇಡಿಯಾಗಿ ಮಬ್ಬಾಯಿತು. ಎಲ್ಲೂ ಕಿಟಕಿ ತೆರೆಯಲಿಲ್ಲ. ಕಾಲರಾ ತನ್ನ ಗುರುತು ಬದಲಿಸಿಕೊಂಡಿತ್ತು. ಯಂತ್ರ ಭಂಡಾರದಲ್ಲಿದ್ದದ್ದನ್ನೆಲ್ಲ ಒಂದೊಂದಾಗಿ ಬಿಟ್ಟು ನೋಡಿ, ಪರದೆಯ ಮೇಲೆ ಒಂದೇ ಮಾತು ಬರೆಯಿತು: ಜೋಡಿ ಸಿಗಲಿಲ್ಲ.

ಪಾವಸ್ಕರ್ ಕೇಳಿದರು, "ಈಗ ಏನು ಹೇಳುವುದು ಇವರಿಗೆ?"

"ಮೊದಲೇ ಹೇಳಿದ್ದೇನಲ್ಲ ಸಾರ್. ಅದನ್ನೇ."

ಅವಳು ಮತ್ತೆ ಕಾಟಾದ ಮೇಲೆ ನಿಂತಳು. ಈ ಸಲ ಎದುರಿನ ಕುರ್ಚಿ ಖಾಲಿಯಿತ್ತು. ಇಲಾಮೆಯೂ ರೋಗ ಬಂದು ಮಲಗಿದ್ದರು. "ತಪ್ಪಿತು," ಎಂದಳು ಮೋಹಿನಿ. "ನೀರು ಕುದಿಸಿ ಕುಡಿಯಿರಿ, ಸೌದೆ ಕೊಡಿಸುತ್ತೇವೆ. ಹೊಸ ಬೇಟೆಗಾರ ನನ್ನ ಪೆಟ್ಟಿಗೆಯಲ್ಲಿಲ್ಲ. ಇದ್ದರೆ ಈ ರೋಗ ಇರುವ ಕಡೆಯೇ ಇರಬೇಕು. ಕಾಯಿಲೆಯಾದ ಪ್ರತಿಯೊಬ್ಬರ ಬಕೆಟ್ಟಿನಿಂದಲೂ ನನಗೆ ಒಂದಿಷ್ಟು ಬೇಕು. ಗುಣವಾಗುತ್ತಿರುವವರದ್ದು ಎಲ್ಲಕ್ಕಿಂತ ಹೆಚ್ಚು ಬೇಕು."

ಯಾರೂ ಮುಂದೆ ಬರಲಿಲ್ಲ. ಮೆರಾವೆಯವರಲ್ಲಿ ಮಲದ ಮಾತನ್ನು ಗಂಡ ಹೆಂಡತಿಯೂ ಒಬ್ಬರಿಗೊಬ್ಬರು ಆಡುವುದಿಲ್ಲ. ರೋಗ ಬಂದರೂ ಅದನ್ನು ಮುಚ್ಚಿಟ್ಟು, ಮೈ ಒಣಗಿ ಬಿದ್ದ ಮೇಲೆ ಶೆಡ್ಡಿಗೆ ಹೊತ್ತು ತರುತ್ತಿದ್ದರು. ಹಾಗೆ ಸತ್ತವರೇ ಹೆಚ್ಚು.

ಚಿಕಿತ್ಸೆಯ ಶೆಡ್ಡಿನಲ್ಲಿ ಇಲಾಮೆ ನಡುವೆ ತೂತಿರುವ, ಕೆಳಗೆ ಬಕೆಟ್ಟು ಇಟ್ಟ ಮಂಚದ ಮೇಲಿದ್ದರು. ಕಣ್ಣು ಗುಳಿಬಿದ್ದು, ಕೈಯ ಚರ್ಮ ಹಿಂಡಿದರೆ ಹಿಂಡಿದ ಹಾಗೇ ನಿಲ್ಲುತ್ತಿತ್ತು. ಫ್ಲೋರಿನ್ ಬಾಯಿ ಸಲೈನ್ ಏರಿಸಿ, ಪಕ್ಕದಲ್ಲಿ ಕೂತು ಓಆರ್‌ಎಸ್ ನೀರನ್ನು ಚಮಚದಲ್ಲಿ ಕುಡಿಸುತ್ತಿದ್ದರು. ಸಭೆಯಲ್ಲಿ ಆದದ್ದನ್ನು ಕೇಳಿದ ಇಲಾಮೆ, ಮಂಚದ ಸುತ್ತಲಿನ ಪರದೆ ಸರಿಸಲು ಹೇಳಿದರು.

"ಬೇಡ ಅಮ್ಮ, ಎಲ್ಲ ನೋಡ್ತಾರೆ," ಎಂದರು ಬಾಯಿ.

"ನೋಡಲಿ. ನನ್ನ ಬಕೆಟ್ಟನ್ನು ಪ್ರಯೋಗಾಲಯದವರೆಗೆ ಶಿಬಿರದ ನಡುವಿನ ದಾರಿಯಲ್ಲೇ ಒಯ್ಯಿರಿ. ಇದು ಇಲಾಮೆಯದ್ದು ಎಂದು ಹೇಳಿ ಒಯ್ಯಿರಿ."

ಫ್ಲೋರಿನ್ ಬಾಯಿ ಮುಚ್ಚಳ ಬಿಗಿದ ಆ ಬಕೆಟ್ಟನ್ನು ತಾವೇ ಹಿಡಿದು ನಡೆದರು. ಕೂಗಿ ಸಾರಲಿಲ್ಲ, ಕೇಳಿದವರಿಗೆ ಮಾತ್ರ ಇದು ಇಲಾಮೆಯದ್ದು ಎಂದರು. ಮಧ್ಯಾಹ್ನದ ಹೊತ್ತಿಗೆ ಕಾಟಾದ ಕಚೇರಿಯ ಮುಂದೆ ಜನ ನಿಂತಿದ್ದರು, ಒಬ್ಬೊಬ್ಬರ ಕೈಯಲ್ಲೂ ಬಟ್ಟೆ ಮುಚ್ಚಿದ ಡಬ್ಬಿ. ತಲೆ ತಗ್ಗಿಸಿದ್ದರು, ಆದರೆ ಬಂದಿದ್ದರು. ಇನ್ನೂ ದೊಡ್ಡ ಲಾಭ ಇನ್ನೊಂದಾಯಿತು. ಅಂದಿನಿಂದ ಯಾರೂ ರೋಗವನ್ನು ಮುಚ್ಚಿಡಲಿಲ್ಲ. ಮೊದಲ ಭೇದಿಗೇ ನಡೆದು ಬಂದರು, ಸಮಯಕ್ಕೆ ಓಆರ್‌ಎಸ್ ನೀರು ಸಿಕ್ಕಿ ಬದುಕಿಕೊಂಡರು.

ನೇವಾ ಬಂದದ್ದು ಎಲ್ಲರಿಗಿಂತ ತಡವಾಗಿ. "ಮಗಳಿಗೆ ಬಂದಿತ್ತು," ಎಂದಳು. "ಜೋರಾಗಿಯೇ ಬಂದಿತ್ತು. ಇವತ್ತು ಎದ್ದು ಕೂತು ಗಂಜಿ ಕೇಳುತ್ತಿದ್ದಾಳೆ. ನಿಮಗೆ ಗುಣವಾಗುವವರದ್ದು ಬೇಕು ಎಂದಿರಲ್ಲ."

ಅದೇ ಶೆಡ್ಡಿನ ಉಳಿದ ಮಕ್ಕಳು ಇನ್ನೂ ಸಲೈನಿನ ಮೇಲಿದ್ದರು. ಮೋಹಿನಿ ಡಬ್ಬಿಯನ್ನು ಕೂಡಲೇ ಕೈಗೆ ತೆಗೆದುಕೊಂಡಳು. ಕಾಲರಾ ತುಂಬಿದ ಕರುಳಿಗೆ ಒಮ್ಮೊಮ್ಮೆ ಅದರ ಬೇಟೆಗಾರ ಎಲ್ಲಿಂದಲೋ ತಾನಾಗಿಯೇ ಸೇರಿ, ಅಲ್ಲೇ ಬೆಳೆದು, ಶತ್ರುವನ್ನು ಮುಗಿಸಿಬಿಡುವುದುಂಟು. ಅವಳು ಲೂಮಿಯ ಡಬ್ಬಿಯನ್ನು ಸೋಸಿ, ಒಂದು ತೊಟ್ಟನ್ನು ಹೊಸ ಕಾಲರಾದ ತಟ್ಟೆಗೆ ಬಿಟ್ಟಳು. ನೇವಾ ಹೋಗಲಿಲ್ಲ. ಕಚೇರಿಯ ಹೊಸ್ತಿಲಲ್ಲೇ ಕೂತಳು, ಮಗಳು ಅವಳ ತೊಡೆಯ ಮೇಲೆ ಮಲಗಿ ನಿದ್ದೆ ಮಾಡಿದಳು.

ಬಿಸಿಲು ಇಳಿಯುವ ಹೊತ್ತಿಗೆ ಮೋಹಿನಿ ತಟ್ಟೆ ತೆರೆಯದೆ ಬೆಳಕಿಗೆ ಹಿಡಿದಳು. ಮಬ್ಬಿನ ನಡುವೆ, ಸೂಜಿಯಿಂದ ಚುಚ್ಚಿದ ಹಾಗೆ, ಸಣ್ಣ ಸಣ್ಣ ತಿಳಿ ಚುಕ್ಕೆಗಳಿದ್ದವು.

ಅವಳು ತಟ್ಟೆಯನ್ನು ನೇವಾಳ ಕೈಗೆ ಕೊಟ್ಟಳು. ನೇವಾ ಅದನ್ನು ಬಹಳ ಹೊತ್ತು ನೋಡಿದಳು, ಮಗಳ ಹೊಟ್ಟೆಯ ಮೇಲೆ ಕೈಯಿಟ್ಟಳು, ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು.

ಯಂತ್ರಕ್ಕೆ ಬೇಕಾದ ಬೀಜ ಸಿಕ್ಕಿತು. ಆ ಚುಕ್ಕೆಗಳಿಂದ ಅದು ಬಾಟಲಿಗಟ್ಟಲೆ ಬೇಟೆಗಾರರನ್ನು ಬೆಳೆಸಿತು. ಶಿಬಿರದವರು ಆ ಹೊಸ ಬೇಟೆಗಾರನಿಗೆ ಲೂಮಿ ಎಂದೇ ಹೆಸರಿಟ್ಟರು. ಮಳೆಗಾಲ ಹಿಡಿಯುವ ಮುಂಚೆ ಕೊನೆಯ ರೋಗಿ ಮಂಚ ಬಿಟ್ಟು ಎದ್ದ. ಇಲಾಮೆ ಕೋಲು ಹಿಡಿದು ನಡೆಯುವಂತಾದರು. ಪಾವಸ್ಕರ್ ಒಂದು ಭಾನುವಾರ ಇಡೀ ಹಗಲು ನಿದ್ದೆ ಮಾಡಿದರು.

ಮಾರನೆಯ ವರ್ಷ ಯುದ್ಧ ಮಗ್ಗುಲು ಬದಲಿಸಿತು. ದೊಡ್ಡ ದ್ವೀಪದ ಮೇಲೇ ಬೇರೆಯವರು ನುಗ್ಗಿದರು. ಈಗ ದೋಣಿ ಹತ್ತಿದವರು ದೊಡ್ಡ ದ್ವೀಪದ ಜನ. ನೆರೆಯ ದೇಶವೊಂದರ ಮರಳುದಂಡೆಯಲ್ಲಿ ಲಕ್ಷ ಜನ ಡೇರೆಯಿಲ್ಲದೆ ಬಿದ್ದಿದ್ದರು. ಅಲ್ಲಿ ಕಾಲರಾ ಎದ್ದಿತು. ತಮ್ಮವರೇ ಬಿತ್ತಿದ ತಳಿ ಸುತ್ತು ಹಾಕಿ ಅವರಲ್ಲಿಗೇ ಬಂದಿತ್ತು, ಉತ್ತರದ ಶೆಡ್ಡುಗಳಲ್ಲಿ ಆದಂತೆಯೇ ಗುರುತು ಬದಲಿಸಿಕೊಂಡು ಬಂದಿತ್ತು. ಅದನ್ನು ಹಿಡಿಯಬಲ್ಲ ಬೇಟೆಗಾರ ಲೋಕದಲ್ಲಿ ಇದ್ದದ್ದು ಒಂದೇ ಕಡೆ.

ಕೋರಿಕೆ ಬಂದಾಗ ಮೋಹಿನಿ ಬಾಟಲಿಗಳನ್ನು ಕಳಿಸಿಬಿಡಬಹುದಿತ್ತು. ಅವಳು ಇಲಾಮೆಯನ್ನು ಕೇಳಿದಳು.

"ನನ್ನನ್ನಲ್ಲ," ಎಂದರು ಇಲಾಮೆ. "ಅದು ಹುಟ್ಟಿದ್ದು ಲೂಮಿಯ ಹೊಟ್ಟೆಯಲ್ಲಿ. ಅವಳ ತಾಯಿಯನ್ನು ಕೇಳಬೇಕು. ಅವಳು ಬೇಡ ಎಂದರೆ ನನ್ನ ಮಾತಿಗೂ ಬೆಲೆಯಿಲ್ಲ, ನಿಮ್ಮ ಮಾತಿಗೂ ಇಲ್ಲ."

ನೇವಾ ಆಗ ಶಿಬಿರದ ಶಾಲೆಯಲ್ಲಿ ಮಕ್ಕಳಿಗೆ ಕೈ ತೊಳೆಯುವುದನ್ನು ಕಲಿಸುವ ಕೆಲಸದಲ್ಲಿದ್ದಳು. ವಿಷಯ ಕೇಳಿ ಅವಳ ಮುಖ ಕಲ್ಲಾಯಿತು.

"ನನ್ನ ಗಂಡ ಸಾಯುವಾಗ ನೀರು ನೀರು ಎಂದ. ಆ ನೀರನ್ನೇ ಮತ್ತೆ ಮತ್ತೆ ಕೊಟ್ಟೆ. ನನಗೆ ಗೊತ್ತಿರಲಿಲ್ಲ," ಎಂದಳು. "ಅವರಿಗೆ ಗೊತ್ತಿತ್ತು."

ಯಾರೂ ಅವಳನ್ನು ಒತ್ತಾಯಿಸಲಿಲ್ಲ. ಒತ್ತಾಯಿಸಬೇಡಿ ಎಂದು ಇಲಾಮೆ ಕಟ್ಟಪ್ಪಣೆ ಮಾಡಿದ್ದರು. ಎರಡು ದಿನ ನೇವಾ ಶಾಲೆಗೆ ಬರಲಿಲ್ಲ. ಮೂರನೆಯ ದಿನ ಪ್ರಯೋಗಾಲಯಕ್ಕೆ ಬಂದು ಬಾಗಿಲಲ್ಲೇ ನಿಂತಳು.

"ಒಯ್ಯಿರಿ," ಎಂದಳು. "ನಾನು ಬರುವುದಿಲ್ಲ. ಅವರ ಮುಖ ನೋಡಲಾರೆ. ಕ್ಷಮಿಸಿದ್ದಾಳೆ ಎಂದು ಅಲ್ಲಿ ಯಾರಿಗೂ ಹೇಳಬೇಡಿ, ಅದು ಸುಳ್ಳು. ಆದರೆ ಒಯ್ಯಿರಿ."

ಹೊರಟದ್ದು ಇಲಾಮೆ, ಫ್ಲೋರಿನ್ ಬಾಯಿ, ಮತ್ತು ಜೆಲ್ಲಿ ಕಾಯಿಸುವುದರಿಂದ ಹ್ಯಾಂಡ್‌ಪಂಪು ಕೂರಿಸುವವರೆಗೆ ಎಲ್ಲ ಕಲಿತ ಹನ್ನೆರಡು ಮಂದಿ ದ್ವೀಪದ ಹೆಂಗಸರು. ಕಾರವಾರ ಬಂದರಿನ ಧಕ್ಕೆಯಲ್ಲಿ ಬಾಟಲಿಗಳಿದ್ದ ಮಂಜುಗಡ್ಡೆಯ ಪೆಟ್ಟಿಗೆಗಳನ್ನು ಹಡಗಿಗೇರಿಸುವಾಗ ಮೋಹಿನಿ ತಡೆಯಲಾರದೆ ಕೇಳಿದಳು, "ಅಮ್ಮ, ನೀವು ಅವರನ್ನು ಕ್ಷಮಿಸಿದ್ದೀರಾ?"

ಇಲಾಮೆ ಏಣಿಯ ಮೇಲೆ ಒಂದು ಕಾಲಿಟ್ಟು ನಿಂತರು. "ಅದು ಬೇರೆ ಮೊಕದ್ದಮೆ," ಎಂದರು. "ನೀರು ವಿಷ ಮಾಡಿದವರ ವಿಚಾರಣೆ ನಡೆಯಲೇಬೇಕು, ನಾನು ಬದುಕಿದ್ದರೆ ನಾನೇ ಸಾಕ್ಷಿ ಹೇಳುತ್ತೇನೆ. ಅದಕ್ಕೆ ಅವರು ಬದುಕಿರಬೇಕಲ್ಲ. ಮಕ್ಕಳಂತೂ ಯಾವ ಮೊಕದ್ದಮೆಯಲ್ಲೂ ಇಲ್ಲ." ಹಾಗೆ ಹೇಳಿ ಮೇಲೆ ಹತ್ತಿದರು.

ಒಂದೂವರೆ ತಿಂಗಳಿಗೆ ಆ ದಂಡೆಯಲ್ಲಿ ರೋಗ ತಗ್ಗಿತೆಂದು ಸುದ್ದಿ ಬಂತು. ಮೋಹಿನಿ ಅದನ್ನು ಹೇಳಲು ನೇವಾಳನ್ನು ಹುಡುಕಿಕೊಂಡು ಹೋದಳು. ಶಾಲೆಯ ಹಿಂದಿನ ಕಟ್ಟೆಯ ಮೇಲೆ ಕೂತು ಅವಳು ಲೂಮಿಯ ತಲೆ ಬಾಚುತ್ತಿದ್ದಳು. ಸುದ್ದಿ ಕೇಳಿದ ಮೇಲೂ ಬಾಚಣಿಗೆ ನಿಲ್ಲಲಿಲ್ಲ. ಜಡೆ ಹೆಣೆದು, ತುದಿಗೆ ದಾರ ಕಟ್ಟಿ, ಮಗಳನ್ನು ಆಟಕ್ಕೆ ಕಳಿಸಿದಳು.

"ಮಕ್ಕಳು ಎಷ್ಟು ಮಂದಿ ಉಳಿದರಂತೆ?" ಎಂದು ಕೇಳಿದಳು.

"ಅದು ಗೊತ್ತಿಲ್ಲ ನೇವಾ. ಬರೆದಿಲ್ಲ."

ನೇವಾ ಬಾಚಣಿಗೆಗೆ ಸುತ್ತಿದ್ದ ಕೂದಲನ್ನು ನಿಧಾನವಾಗಿ ಬಿಡಿಸಿದಳು.

"ಕೇಳಿ ಹೇಳಿ," ಎಂದಳು.